ಪಾಲಿಗೆ ಕೊಟ್ಟ ಕೋಳಿ

ದೇವರಾಯಸಮುದ್ರ
7-10-1979

ಚನ್ನರಾಯಪ್ಪನವರಿಗೆ ಮುನಿಗಂಗಮ್ಮನ ನಮಸ್ಕಾರ.

ನೀವೂ ಸುಗುಣಳೂ ವಾಪಸು ಮಾಲೂರು ಸೇರಿದಿರೆಂದು ಕಾರ್ಡು ಬಂತು. ಅಂಜಿನಿ ಹೋಗಿ ನಾಳೆಗೆ ಮೂರು ತಿಂಗಳು. ನಿಮಗೆ ಅವಳು ಏಳು ವರ್ಷ ಜೊತೆಗೆ ಬಾಳಿದ ಹೆಂಡತಿ. ನನಗೆ ತಂಗಿ, ಆದರೆ ನಾನೇ ತಲೆ ಬಾಚಿ ಬೆಳೆಸಿದವಳು. ಹೆಸರು ಬರೆಯುವಾಗ ಇನ್ನೂ ಕೈ ನಿಲ್ಲುತ್ತದೆ.

ಹನ್ನೊಂದನೇ ದಿನ ನಮ್ಮ ಜಗಲಿಯಲ್ಲಿ ಕೂತು ನೀವು ಹೇಳಿದ ಮಾತನ್ನು ನಾನು ಮರೆತಿಲ್ಲ. "ಯುಗಾದಿಗೆ ಬಂದು ಸುಗುಣಾನ ಕರ್ಕೊಂಡೋಗಿ ಅತ್ತಿಗೆ. ಹೆಂಚಿನ ಕಾರ್ಖಾನೆ ಕೆಲಸ ಮಾಡ್ಕೊಂಡು ಹೆಣ್ಣು ಮಗು ಸಾಕೋದು ನನ್ ಕೈಲಾಗಲ್ಲ" ಅಂದಿರಿ. ಜೂನ್‌ನಲ್ಲಿ ಇಲ್ಲೇ ಒಂದನೇ ತರಗತಿಗೆ ಸೇರಿಸೋಣ ಎಂದು ಅವತ್ತೇ ಮಾತಾಯಿತು. ನಮಗಂತೂ ಮಕ್ಕಳಿಲ್ಲ. ಮನೆ ದೊಡ್ಡದು. ಅಲ್ಲಿಯವರೆಗೆ ಮಗು ಹೇಗೆ ದಿನ ಕಳೆಯುತ್ತದೋ ಎಂಬ ಯೋಚನೆ ನನಗೆ.

ಅದಕ್ಕೆ ಒಂದು ಕೋಳಿ ಕಳಿಸುತ್ತಿದ್ದೇನೆ. ನಗಬೇಡಿ. ಅಂಜಿನಿ ಮದುವೆಯಾಗಿ ನಿಮ್ಮ ಮನೆಗೆ ಬರುವಾಗ ತನ್ನ ಹ್ಯಾಟೆಯನ್ನು ನನಗೆ ಪಾಲಿಗೆ ಬಿಟ್ಟಿದ್ದಳು. ನೀವು ಕೋಲಾರದ ಪೇಟೆಯಲ್ಲಿ ಬೆಳೆದವರು, ನಿಮಗೆ ಪಾಲು ಗೊತ್ತಿರಲಿಕ್ಕಿಲ್ಲ. ಒಬ್ಬರ ಹೆಣ್ಣು ಕೋಳಿಯನ್ನು ಇನ್ನೊಬ್ಬರು ಸಾಕುವುದು. ಹ್ಯಾಟೆ ಸಾಕಿದವರ ಮನೆಯಲ್ಲೇ ಇರುತ್ತದೆ. ಮರಿ ಮಾಡಿದರೆ ಅರ್ಧ ಕೊಟ್ಟವರಿಗೆ. ಬಂದಾಗಲೆಲ್ಲ "ನನ್ ಪಾಲು ಎಲ್ಲೇ ಅಕ್ಕ, ಎಲ್ಲಾ ನೀನೇ ತಿಂದ್ಬುಟ್ಯಾ" ಎಂದು ಕೆಣಕುತ್ತಿದ್ದಳು, ಒಂದು ಮರಿಯನ್ನೂ ಒಯ್ಯಲಿಲ್ಲ. ಈಗ ಕಳಿಸುತ್ತಿರುವುದು ಆ ಹ್ಯಾಟೆಯ ಮೊಮ್ಮಗಳು. ಕಂದು ಮೈ, ಬಿಳಿ ಚುಕ್ಕೆ. ಇನ್ನೂ ಮೊಟ್ಟೆಗೆ ಬಂದಿಲ್ಲ. ನಿಮಗೆ ನಾನು ಪಾಲಿಗೆ ಕೊಟ್ಟಿದ್ದೇನೆ ಎಂದುಕೊಳ್ಳಿ. ಯುಗಾದಿಯವರೆಗೆ ಮಗುವಿಗೆ ಜೊತೆಯಾಗುತ್ತದೆ.

ಗುರುವಾರ ಕೋಲಾರದಿಂದ ಬರುವ ಮೊದಲನೇ ಬಸ್ಸು ನೋಡಿ.

ಮುನಿಗಂಗಮ್ಮ


ಮಾಲೂರು
18-10-1979

ಅತ್ತಿಗೆಯವರಿಗೆ ಚನ್ನರಾಯಪ್ಪ ಮಾಡುವ ನಮಸ್ಕಾರಗಳು.

ಕೋಳಿ ಬಂತು. ಕಂಡಕ್ಟರು ಕುಕ್ಕೆ ಕೈಗೆ ಕೊಟ್ಟು, "ಇದಕ್ಕೆ ಅರ್ಧ ಟಿಕೆಟ್ ಹರೀಬೇಕಾಗಿತ್ತು ಸಾಮಿ, ಕೋಲಾರದಿಂದ ಮಾತು ನಿಲ್ಸಿಲ್ಲ" ಅಂದ.

ಬೇಡ ಎಂದು ನಿಮಗೆ ಬರೆಯಬೇಕೆಂದಿದ್ದೆ. ಬರೆಯುವಷ್ಟರಲ್ಲಿ ಬಂದುಬಿಟ್ಟಿತು. ನಮ್ಮ ಬೀದಿಯಲ್ಲಿ ಯಾರೂ ಕೋಳಿ ಸಾಕುವುದಿಲ್ಲ. ಬಾಡಿಗೆ ಮನೆಯ ಯಜಮಾನಿ ಶ್ಯಾಮಲಮ್ಮನವರು ಮೊಟ್ಟೆ ಮುಟ್ಟದವರು. ಮೇಷ್ಟರ ಹೆಂಡತಿ, ಈಗ ಒಬ್ಬರೇ ಇದ್ದಾರೆ. ನಾನು ಕಾರ್ಖಾನೆಗೆ ಹೋದಾಗ ಸುಗುಣಳನ್ನು ಅವರೇ ನೋಡಿಕೊಳ್ಳುವುದರಿಂದ ನನಗೆ ಅವರೆದುರು ಬಾಯಿ ಇಲ್ಲ. ಕುಕ್ಕೆ ನೋಡಿದ ಕೂಡಲೇ ಬಾಗಿಲಿಗೆ ಬಂದರು.

"ಚನ್ನರಾಯಪ್ಪ, ಮೂರು ಜನ ಇರ್ತೀವಿ ಅಂತ ಹೇಳಿ ನೀನು ಮನೆ ಹಿಡಿದೆ. ಕೋಳಿ ವಿಷಯ ಬಂದಿರಲಿಲ್ಲ."

ನಾನು ತಲೆ ತಗ್ಗಿಸಿದೆ. ಸುಗುಣ ಕುಕ್ಕೆಯ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದವಳು ತಲೆ ಎತ್ತದೆ, "ಈಗ್ಲೂ ಮೂರೇ ಜನ ಅಜ್ಜಿ" ಅಂದಳು.

ಶ್ಯಾಮಲಮ್ಮನವರು ಒಳಗೆ ಹೋದರು. ಸಂಜೆ ಹಿತ್ತಲ ಸೌದೆ ಕೊಟ್ಟಿಗೆಯ ಬಾಗಿಲು ತೆಗೆದಿತ್ತು.

ಹೆಸರು ಚುಕ್ಕಿ ಎಂದು ಇಟ್ಟಿದ್ದಾಳೆ. ಏನು ಹಾಕಬೇಕು, ಎಲ್ಲಿ ಮಲಗಿಸಬೇಕು ಒಂದೂ ಗೊತ್ತಿಲ್ಲ. ಬಿಟ್ಟರೆ ಓಡಿಹೋಗುತ್ತದೆಯೋ ಏನೋ. ಎಲ್ಲವನ್ನೂ ಬರೆಯಿರಿ.

ಯುಗಾದಿಯ ಮಾತು ನನಗೂ ನೆನಪಿದೆ.

ಚನ್ನರಾಯಪ್ಪ


ದೇವರಾಯಸಮುದ್ರ
26-10-1979

ಚನ್ನರಾಯಪ್ಪನವರಿಗೆ,

ಸುಗುಣ ಆಡಿದ ಮಾತು ಓದಿ ಕಾಗದ ಮಡಿಸಿ ಇಟ್ಟೆ. ಮಾರನೇ ದಿನ ಮತ್ತೆ ತೆಗೆದು ಓದಿದೆ. ಶ್ಯಾಮಲಮ್ಮನವರಿಗೆ ನನ್ನ ನಮಸ್ಕಾರ ಹೇಳಿ.

ಮೊದಲ ಮೂರು ದಿನ ಬಿಡಬೇಡಿ. ಬಟ್ಟೆಯ ದಾರದಿಂದ ಒಂದು ಕಾಲು ಕಟ್ಟಿ ಅಲ್ಲೇ ಕಾಳು ಹಾಕಿ. ನಾಲ್ಕನೇ ದಿನ ಸಾಯಂಕಾಲ, ಕತ್ತಲಾಗುವ ಸ್ವಲ್ಪ ಮುಂಚೆ ಬಿಡಿ. ದೂರ ಹೋಗಲು ಹೊತ್ತಿರುವುದಿಲ್ಲ, ಕಾಳು ತಿಂದ ಜಾಗಕ್ಕೇ ಬರುತ್ತದೆ. ಒಂದು ಸಲ ತಾನಾಗಿ ಬಂದರೆ ಆಮೇಲೆ ಅದು ನಿಮ್ಮ ಮನೆಯದು. ರಾಗಿ ಒಂದು ಹಿಡಿ ಸಾಕು, ಉಳಿದದ್ದನ್ನು ತಾನೇ ಕೆದಕಿಕೊಳ್ಳುತ್ತದೆ. ಮಗುವಿನ ಕೈಯಲ್ಲೇ ಹಾಕಿಸಿ.

ಅಂಜಿನಿಗೆ ಅವಳ ಮೊಟ್ಟಮೊದಲ ಹ್ಯಾಟೆ ಸಿಕ್ಕಾಗ ಅವಳೂ ಸುಗುಣಳಷ್ಟೇ ಇದ್ದಳು. ನಾಲ್ಕನೇ ದಿನ ಸಂಜೆ ದಾರ ಬಿಚ್ಚಲು ಬಿಡದೆ ಅತ್ತಳು. ನಾನು ಗದರಿಸಿ ಬಿಚ್ಚಿದೆ. ಹ್ಯಾಟೆ ಕೆರೆ ಕಟ್ಟೆಯವರೆಗೆ ಹೋಗಿ, ಅಲ್ಲಿ ನಿಂತು ಸುತ್ತ ನೋಡಿ, ಏನೋ ಮರೆತವರಂತೆ ವಾಪಸು ನಡೆದು ಬಂತು. ಅದರ ಹಿಂದೆಯೇ ಅವಳೂ ಒಂದೊಂದೇ ಹೆಜ್ಜೆ ಇಡುತ್ತ ಬಂದಳು. ಆ ಎರಡೂ ಒಳಗೆ ಬಂದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ನಿಮ್ಮ ಕೋಳಿ ವಾಪಸು ಬಂದ ದಿನ ಬರೆಯಿರಿ.

ಮುನಿಗಂಗಮ್ಮ


ಮಾಲೂರು
2-12-1979

ಅತ್ತಿಗೆಯವರಿಗೆ ನಮಸ್ಕಾರಗಳು.

ಕೋಳಿ ವಾಪಸು ಬಂತೆಂದು ಹಾಕಿದ ಕಾರ್ಡು ತಲುಪಿರಬೇಕು. ಈಗ ಅದಕ್ಕಿಂತ ದೊಡ್ಡ ಸುದ್ದಿ.

ನಿನ್ನೆ ಶನಿವಾರ ಮಧ್ಯಾಹ್ನ ನಾನು ಕಾರ್ಖಾನೆಯಿಂದ ಬಂದು ಮುಖ ತೊಳೆಯುತ್ತಿದ್ದೆ. ಶ್ಯಾಮಲಮ್ಮನವರು ಒಳಗಿಂದ ಕೂಗಿದರು. "ಸುಗುಣಾ, ಬಾ ಇಲ್ಲಿ. ನಿನ್ನ ಮಹಾರಾಣಿ ನನ್ನ ಹತ್ತಿ ಬುಟ್ಟೀಲಿ ಏನೋ ಇಟ್ಟು ಹೋಗಿದ್ದಾಳೆ. ನಾನು ಮುಟ್ಟೋದಿಲ್ಲ, ಬಂದು ತೊಗೊಂಡು ಹೋಗು."

ದೇವರ ದೀಪಕ್ಕೆ ಬತ್ತಿ ಹೊಸೆಯುವ ಹತ್ತಿ. ಅದರ ನಡುವೆ ಮೊದಲ ಮೊಟ್ಟೆ. ಚಿಕ್ಕದು, ಒಂದು ಕಡೆ ಚೂರು ರಕ್ತದ ಗೆರೆ ಇತ್ತು. ಸುಗುಣ ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು, "ಅಪ್ಪ, ಬಿಸಿ ಐತೆ" ಅಂದಳು. ನಾನೂ ಮುಟ್ಟಿದೆ. ಹನ್ನೆರಡು ವರ್ಷದಿಂದ ಹೆಂಚಿನ ಗೂಡಿಗೆ ಬೆಂಕಿ ಹಾಕುವವನು ನಾನು. ಬಿಸಿ ಎಂದರೆ ನನಗೆ ದೂರ ನಿಲ್ಲಬೇಕಾದ ವಸ್ತು. ಇಷ್ಟು ಚಿಕ್ಕ ಬಿಸಿ ಕೈಯಲ್ಲಿ ಹಿಡಿದು ಗೊತ್ತಿರಲಿಲ್ಲ.

ಜುಲೈನಿಂದ ಈ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ. ನಿನ್ನೆ ನಕ್ಕೆವು. ಶ್ಯಾಮಲಮ್ಮನವರು ಹತ್ತಿ ಬುಟ್ಟಿಯನ್ನು ಕೋಳಿಗೇ ಬಿಟ್ಟುಕೊಟ್ಟು ಬೇರೆ ಬುಟ್ಟಿ ತೆಗೆದುಕೊಂಡರು. ಸ್ಲೇಟಿನ ಮೇಲೆ ಸುಗುಣಳಿಗೆ ಅಕ್ಷರ ತಿದ್ದಿಸುತ್ತಿದ್ದಾರೆ. "ಮ" ಬಂದಿದೆ. ಮೊಟ್ಟೆಗೆ ಅದು ಬೇಕಂತೆ.

ಮೊಟ್ಟೆ ಬೇಯಿಸಲು ಬಿಡುತ್ತಿಲ್ಲ. ಏನು ಮಾಡಲಿ? ಇನ್ನೊಂದು ಪ್ರಶ್ನೆ ಅವಳದು. ಚುಕ್ಕಿ ಬೆಳಿಗ್ಗೆ ಕೊಕ್ಕೊಕ್ಕೋ ಎಂದು ಏಕೆ ಕೂಗುವುದಿಲ್ಲ ಎಂದು ದೊಡ್ಡಮ್ಮನನ್ನು ಕೇಳಬೇಕಂತೆ. ನಮ್ಮ ಬೀದಿಯಲ್ಲಿ ಬೆಳಿಗ್ಗೆ ಕೂಗುವುದು ಕಾರ್ಖಾನೆಯ ಸೈರನ್ ಒಂದೇ.

ಚನ್ನರಾಯಪ್ಪ


ದೇವರಾಯಸಮುದ್ರ
10-12-1979

ಚನ್ನರಾಯಪ್ಪನವರಿಗೆ,

ಕಾಗದ ಓದಿ ನಾವಿಬ್ಬರೂ ನಕ್ಕೆವು. ನಮ್ಮ ಮನೆಯವರು, "ಹ್ಯಾಟೆ ಕೂಗಿದ್ರೆ ಹುಂಜಕ್ಕೆ ಏನ್ಲಾ ಕೆಲಸ" ಎಂದು ಅಂಗಳದಲ್ಲಿದ್ದ ಹುಂಜವನ್ನೇ ಕೇಳಿದರು. ಕೂಗುವುದು ಗಂಡು ಎಂದು ಸುಗುಣಳಿಗೆ ಹೇಳಿ.

ಮೊದಲ ಮೊಟ್ಟೆಯನ್ನು ತಿನ್ನಬಾರದು, ಅವಳು ಮಾಡಿದ್ದೇ ಸರಿ. ಅದನ್ನು ಬುಟ್ಟಿಯಲ್ಲೇ ಬಿಟ್ಟರೆ ಕೋಳಿ ದಿನವೂ ಅಲ್ಲಿಗೇ ಬರುತ್ತದೆ. ಅಂಜಿನಿ ಮೊಟ್ಟೆಯನ್ನು ಕಿವಿಗೆ ಹಿಡಿದು ಕೂತುಬಿಡುತ್ತಿದ್ದಳು. "ಏನ್ ಕೇಳ್ತೈತೇ" ಎಂದರೆ, "ಸುಮ್ನಿರೇ, ನಿದ್ದೆ ಮಾಡ್ತೈತೆ" ಅನ್ನುತ್ತಿದ್ದಳು.

ಹತ್ತು ಹನ್ನೆರಡು ಮೊಟ್ಟೆ ಆದಮೇಲೆ ಚುಕ್ಕಿ ಬುಟ್ಟಿ ಬಿಟ್ಟು ಏಳುವುದಿಲ್ಲ, ಮೈ ಉಬ್ಬಿಸಿಕೊಂಡು ಗುರ್ ಎನ್ನುತ್ತದೆ. ಕಾವಿಗೆ ಬಂತೆಂದು ತಿಳಿಯಿರಿ. ಆಗ ಬುಟ್ಟಿಗೆ ಮರಳು ಹಾಸಿ, ಮೇಲೆ ಹುಲ್ಲು ಹರಡಿ, ಸಾಯಂಕಾಲ ಒಂಬತ್ತು ಮೊಟ್ಟೆ ಇಟ್ಟು ಕೂರಿಸಿ. ಬೆಸ ಸಂಖ್ಯೆಯೇ ಆಗಬೇಕು. ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಒಂದು ಚೂರು ಕಬ್ಬಿಣ ಇಡುತ್ತೇವೆ. ದಿನಕ್ಕೊಂದು ಸಲ ಎತ್ತಿ ಕಾಳು ನೀರು ಕೊಡಿ, ಇಲ್ಲದಿದ್ದರೆ ಉಪವಾಸವೇ ಕೂತುಬಿಡುತ್ತದೆ. ಇಪ್ಪತ್ತೊಂದನೇ ದಿನಕ್ಕೆ ಮರಿ.

ಇಲ್ಲಿ ಎಲ್ಲ ಎಂದಿನಂತಿದೆ. ಹೇಳುವಂಥದ್ದು ಏನಿಲ್ಲ.

ಮುನಿಗಂಗಮ್ಮ


ಮಾಲೂರು
16-1-1980

ಅತ್ತಿಗೆಯವರಿಗೆ ನಮಸ್ಕಾರಗಳು.

ಸಂಕ್ರಾಂತಿಯ ದಿನ ಸಾಯಂಕಾಲ ಚುಕ್ಕಿಯನ್ನು ಕಾವಿಗೆ ಕೂರಿಸಿದೆವು. ಒಟ್ಟು ಹನ್ನೊಂದು ಮೊಟ್ಟೆ ಆಗಿತ್ತು, ಒಂಬತ್ತು ಇಟ್ಟೆವು. ಕಬ್ಬಿಣಕ್ಕೆ ನಮ್ಮ ಗೂಡಿನ ಬಾಗಿಲಿನ ಹಳೇ ಚಿಲಕ ತಂದೆ. ಮರಳನ್ನು ಸುಗುಣ ಜರಡಿ ಹಿಡಿದಳು. ಶ್ಯಾಮಲಮ್ಮನವರು ದೂರ ನಿಂತೇ, "ಬುಟ್ಟಿ ಗಾಳಿಗಿದೆ, ಗೋಡೆ ಕಡೆ ಸರಿಸು" ಎಂದು ಹೇಳಿಕೊಟ್ಟರು. ಮಗು ಅದರ ಮುಂದೆ ಎಳ್ಳು ಬೆಲ್ಲ ಇಟ್ಟು "ಒಳ್ಳೇ ಮಾತಾಡು" ಅಂದಿತು.

ಸೌದೆ ಕೊಟ್ಟಿಗೆಯ ಗೋಡೆಗೆ ಸುಣ್ಣ ಬಳಿದು ಇನ್ನೂ ತಿಂಗಳಾಗಿಲ್ಲ. ಅದರ ಮೇಲೆ ಇದ್ದಿಲಿನಿಂದ ದಿನಕ್ಕೊಂದು ಗೆರೆ ಎಳೆಯಲು ಅವಳಿಗೆ ಅಪ್ಪಣೆ ಸಿಕ್ಕಿದೆ. ಇವತ್ತಿಗೆ ಎರಡು. ಫೆಬ್ರವರಿ ನಾಲ್ಕಕ್ಕೆ ಇಪ್ಪತ್ತೊಂದು.

ನಾನು ಕೆಲಸ ಮುಗಿಸಿ ನೇರ ಮನೆಗೇ ಬರುತ್ತಿದ್ದೇನೆ. ಮೊದಲು ಹಾಗಿರಲಿಲ್ಲ. ಒಲೆ ಉರಿಯದ ಮನೆ ನೋಡಲಾಗದೆ ಸ್ಟೇಷನ್ನಿನ ಬೆಂಚಿನ ಮೇಲೆ ಒಂದು ಗಂಟೆ ಕೂತು ಬರುತ್ತಿದ್ದೆ. ನಿಮಗೆ ಹೇಳಿರಲಿಲ್ಲ. ಈಗ ಅಡಿಗೆಯೂ ಮಾಡುತ್ತೇನೆ. ಮುದ್ದೆ ಮೊನ್ನೆ ಮೊದಲ ಸಲ ಗಂಟಿಲ್ಲದೆ ಬಂತು. ಸುಗುಣ ಅದನ್ನೂ ಗೋಡೆಯ ಮೇಲೆ ಬರೆಯಬೇಕೆಂದಳು.

ಚನ್ನರಾಯಪ್ಪ


ದೇವರಾಯಸಮುದ್ರ
1-2-1980

ಚನ್ನರಾಯಪ್ಪನವರಿಗೆ,

ಈ ಕಾರ್ಡು ಸೇರುವಷ್ಟರಲ್ಲಿ ಮರಿ ಬಂದಿರುತ್ತದೆ. ಮೊದಲ ದಿನ ಏನೂ ಹಾಕಬೇಡಿ. ಎರಡನೇ ದಿನ ಅಕ್ಕಿ ನುಚ್ಚು. ಹದ್ದಿನ ಮೇಲೆ ಕಣ್ಣಿರಲಿ. ಎಷ್ಟು ಮರಿ, ಏನು ಬಣ್ಣ, ಕೂಡಲೇ ಬರೆಯಿರಿ. ನಾನು ದಿನವೂ ಪೋಸ್ಟಿನವನನ್ನು ಕಾಯುತ್ತೇನೆ.

ಮುನಿಗಂಗಮ್ಮ


ಮಾಲೂರು
8-2-1980

ಅತ್ತಿಗೆಯವರಿಗೆ,

ಮರಿ ಆಗಲಿಲ್ಲ.

ಗೋಡೆಯ ಮೇಲೆ ಇಪ್ಪತ್ತೊಂದು ಗೆರೆ ಆಯಿತು. ಮಾರನೇ ದಿನ ಸುಗುಣ ಇಪ್ಪತ್ತೆರಡನೆಯದು ಎಳೆದಳು. ಇಪ್ಪತ್ತಮೂರನೆಯದನ್ನೂ ಎಳೆದಳು. ನಾವು ಯಾರೂ ಬೇಡ ಅನ್ನಲಿಲ್ಲ. ನಿನ್ನೆ ಒಂದು ಮೊಟ್ಟೆ ಒಡೆದು ಕೊಟ್ಟಿಗೆಯೆಲ್ಲ ವಾಸನೆ. ಒಂಬತ್ತನ್ನೂ ತೆಗೆದುಕೊಂಡು ಹೋಗಿ ಹಿತ್ತಲಿನಲ್ಲಿ ಹೂತೆ.

ಚುಕ್ಕಿ ಖಾಲಿ ಹುಲ್ಲಿನ ಮೇಲೇ ಕೂತಿದೆ, ಏಳುತ್ತಿಲ್ಲ. ಸುಗುಣ ಅದರ ಪಕ್ಕ ಕೂತಿದ್ದಾಳೆ. "ಚುಕ್ಕಿ ಎಲ್ಲಾ ಸರಿಯಾಗೇ ಮಾಡ್ತಲ್ಲಪ್ಪ" ಅನ್ನುತ್ತಾಳೆ. ಅಂಜಿನಿಯನ್ನು ಕಳೆದುಕೊಂಡು ಆಸ್ಪತ್ರೆಯಿಂದ ಬಂದ ದಿನ ನನ್ನ ಬಗ್ಗೆ ನಾನು ಇದೇ ಮಾತು ಅಂದುಕೊಂಡಿದ್ದೆ.

ದಿನವೂ ಎತ್ತಿ ನೀರು ಕೊಟ್ಟವನು ನಾನು. ಹೆಂಚು ಸುಡುವ ಕೈ. ಏನು ತಪ್ಪಿತೋ ಗೊತ್ತಿಲ್ಲ.

ಚನ್ನರಾಯಪ್ಪ


ದೇವರಾಯಸಮುದ್ರ
13-2-1980
(ನಮ್ಮ ಮನೆಯವರ ಕೈಯಲ್ಲಿ)

ಚನ್ನರಾಯಪ್ಪನವರಿಗೆ,

ತಪ್ಪು ನನ್ನದು. ನಿಮ್ಮದಲ್ಲ, ಮಗುವಿನದಲ್ಲ, ಚುಕ್ಕಿಯದಂತೂ ಅಲ್ಲವೇ ಅಲ್ಲ.

ನಿಮ್ಮ ಬೀದಿಯಲ್ಲಿ ಹುಂಜವಿಲ್ಲ. ಹುಂಜ ಇಲ್ಲದ ಕಡೆ ಇಟ್ಟ ಮೊಟ್ಟೆಯಲ್ಲಿ ಜೀವವಿರುವುದಿಲ್ಲ, ಇಪ್ಪತ್ತೊಂದಲ್ಲ, ನೂರು ದಿನ ಕೂತರೂ ಮರಿ ಬರುವುದಿಲ್ಲ. ಇದನ್ನು ಇಲ್ಲಿ ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ನಮ್ಮೂರಲ್ಲಿ ಹುಂಜ ಒಬ್ಬರ ಮನೆಯದಲ್ಲ, ಓಣಿಯದು. ಬೇಲಿ ದಾಟಿ ಎಲ್ಲರ ಅಂಗಳಕ್ಕೂ ಬರುತ್ತದೆ. ಅದಿಲ್ಲದ ಬೀದಿ ಇರುತ್ತದೆ ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ಬೆಳಿಗ್ಗೆ ಕೂಗುವುದು ಸೈರನ್ ಒಂದೇ ಎಂದು ನೀವು ಬರೆದಿದ್ದಿರಿ. ಮಗು ಕೇಳಿಯೂ ಇತ್ತು. ನಾನು ನಕ್ಕು ಸುಮ್ಮನಾದೆ. ನಿಮ್ಮ ಕಾರ್ಡು ಓದಿದ ಮಾರನೇ ದಿನ ಬೆಳಗಿನ ಜಾವ ನಮ್ಮ ಹುಂಜ ಕೂಗಿದಾಗ ಹೊಳೆಯಿತು. ಎದ್ದು ಕೂತುಬಿಟ್ಟೆ.

ಇವರು ತರುತ್ತಿರುವ ಮಡಕೆಯಲ್ಲಿ ರಾಗಿಯ ಮಧ್ಯೆ ಏಳು ಮೊಟ್ಟೆ ಇವೆ. ನಮ್ಮ ಅಂಗಳದವು, ಈ ವಾರದವು. ಇವತ್ತು ಸಾಯಂಕಾಲವೇ ಇಡಿ. ಚುಕ್ಕಿ ಏಳದೆ ಕೂತಿರುವುದೇ ಪುಣ್ಯ. ತುಂಬ ಸೊರಗಿರುತ್ತದೆ, ರಾಗಿ ನೆನೆಸಿ ಎರಡು ಹೊತ್ತು ಕೊಡಿ. ಸುಗುಣಳಿಗೆ ಹೇಳಿ, ಗೋಡೆಯ ಇನ್ನೊಂದು ಕಡೆ ಹೊಸ ಗೆರೆ ಶುರು ಮಾಡಲಿ.

ಮುನಿಗಂಗಮ್ಮ


ಮಾಲೂರು
17-2-1980

ಅತ್ತಿಗೆಯವರಿಗೆ ನಮಸ್ಕಾರಗಳು.

ಏಳೂ ಮೊಟ್ಟೆ ಒಡೆಯದೆ ಬಂದವು. ಅಪ್ಪಾಜಪ್ಪಣ್ಣನವರು ಮುಳಬಾಗಿಲು ಕಡೆಯಿಂದ ಬರುವ ಬಸ್ಸು ಹತ್ತಿದಾಗಿನಿಂದ ಮಡಕೆಯನ್ನು ತೊಡೆಯಿಂದ ಇಳಿಸಲಿಲ್ಲವಂತೆ. ಕೋಲಾರದಲ್ಲಿ ಯಾರೋ, "ಮಡಕೆ ಕೆಳಗಿಡಣ್ಣ, ನಿಂತವ್ರು ಕೂತ್ಕೊಳ್ಲಿ" ಎಂದದ್ದಕ್ಕೆ, "ಇದ್ರಾಗೆ ಏಳು ಜನ ಅವ್ರೆ, ನೀನೊಬ್ಬ ನಿಂತ್ಕೋ" ಅಂದರಂತೆ. ಹೊಂಡ ಬಂದಾಗಲೆಲ್ಲ ಡ್ರೈವರಿಗೆ ತೆಲುಗಿನಲ್ಲಿ "ಮೆಲ್ಲಗಾ, ಮೆಲ್ಲಗಾ" ಎಂದು ಕೂಗಿ ಕೂಗಿ ಗಂಟಲು ಕಟ್ಟಿತ್ತು.

ಹಿಡಿದು ಇಟ್ಟದ್ದು ಸುಗುಣ. ನಾನು ಒಂದನ್ನೂ ಮುಟ್ಟಲಿಲ್ಲ. ಪ್ರತಿಯೊಂದನ್ನೂ ಇಡುವ ಮುಂಚೆ ಕಿವಿಗೆ ಹಿಡಿದಳು. ಅವಳ ಅಮ್ಮ ಹಾಗೆ ಮಾಡುತ್ತಿದ್ದಳೆಂದು ನಾನು ಅವಳಿಗೆ ಹೇಳಿರಲಿಲ್ಲ. ಅಂಜಿನಿಯೇ ಯಾವತ್ತಾದರೂ ಹೇಳಿದ್ದಳೋ ಏನೋ.

ಅಣ್ಣನವರು ಕಾಫಿ ಕುಡಿದು ನಾಲ್ಕು ಮಾತಾಡಿ ಹೊರಟರು. ಇರಿ ಎಂದರೂ ಇರಲಿಲ್ಲ.

ಚನ್ನರಾಯಪ್ಪ


ಮಾಲೂರು
8-3-1980

ಅತ್ತಿಗೆಯವರಿಗೆ ಚನ್ನರಾಯಪ್ಪ ಮಾಡುವ ನಮಸ್ಕಾರಗಳು.

ಯುಗಾದಿ ಹದಿನೇಳಕ್ಕೆ ಬಂದಿದೆ. ಮಾತಾಡಿದ ಹಾಗೆ ಹಬ್ಬದ ಮಾರನೇ ದಿನ ಬಂದು ಸುಗುಣಳನ್ನು ಕರೆದುಕೊಂಡು ಹೋಗಬಹುದು. ಬಟ್ಟೆಯನ್ನೆಲ್ಲ ಒಗೆದು ಗಂಟು ಕಟ್ಟಿದ್ದೇನೆ. ಸೀತವಾದಾಗ ಕೊಡುವ ಔಷಧಿಯನ್ನು ಚೀಟಿಯಲ್ಲಿ ಬರೆದು ಜೊತೆಗೆ ಇಟ್ಟಿದ್ದೇನೆ. ರಾತ್ರಿ ಮಲಗುವಾಗ ದೀಪ ಆರಿಸಿದರೆ ಹೆದರುತ್ತಾಳೆ, ಸಣ್ಣಗೆ ಇರಲಿ.

ಅಣ್ಣನವರು ಬಂದ ದಿನ ಹೇಳಿದರು. ನಡುಮನೆಯ ಪಕ್ಕದ ಕೋಣೆಗೆ ದೀಪಾವಳಿಯಲ್ಲೇ ಸುಣ್ಣ ಬಳಿಸಿದ್ದೀರಂತೆ. ಹಸಿರು ಲಂಗ ಹೊಲಿಸಿದ್ದೀರಂತೆ, ಸ್ಲೇಟು ತಂದಿಟ್ಟಿದ್ದೀರಂತೆ. ನೀವು ಒಂದು ಕಾಗದದಲ್ಲೂ ಬರೆಯಲಿಲ್ಲ. ಅದನ್ನು ಕೇಳಿದ ಮೇಲೆ ನಾನು ಕೊಟ್ಟ ಮಾತಿಗೆ ಹಿಂದೆ ಮುಂದೆ ನೋಡುವುದು ಸರಿಯಲ್ಲ. ಅಂಜಿನಿಯನ್ನು ಬೆಳೆಸಿದ ಕೈ ನಿಮ್ಮದು. ಮಗು ಚೆನ್ನಾಗಿರುತ್ತದೆ.

ಇನ್ನೇನಿಲ್ಲ.

ಚನ್ನರಾಯಪ್ಪ


ದೇವರಾಯಸಮುದ್ರ
12-3-1980

ಚನ್ನರಾಯಪ್ಪನವರಿಗೆ,

ನಿಮ್ಮ ಕಾಗದ ಬಂತು. ಎರಡು ದಿನದಿಂದ ಉತ್ತರ ಬರೆದು ಹರಿಯುತ್ತಿದ್ದೇನೆ.

ಫೆಬ್ರವರಿ ಹದಿಮೂರಕ್ಕೆ ಇಪ್ಪತ್ತೊಂದು ಸೇರಿಸಿದರೆ ಮಾರ್ಚ್ ಐದು. ನೀವು ಬರೆದದ್ದು ಎಂಟನೇ ತಾರೀಖು. ಅದರಲ್ಲಿ ಸೀತದ ಔಷಧಿ ಇದೆ, ದೀಪ ಇದೆ, ಚುಕ್ಕಿಯ ಒಂದು ಮಾತಿಲ್ಲ. ಮರಿ ಆಗದೇ ಹೋಗಿದ್ದರೆ ಬರೆಯುತ್ತಿದ್ದಿರಿ. ಆಗಿದೆ. ಆಗಿರುವುದರಿಂದಲೇ ಬರೆದಿಲ್ಲ.

ನಾನೂ ಮುಚ್ಚಿಟ್ಟದ್ದನ್ನು ಹೇಳುತ್ತೇನೆ. ಆ ಏಳು ಮೊಟ್ಟೆಯನ್ನು ಮಡಕೆಗೆ ಹಾಕುವಾಗಲೇ ನಾನು ದಿನ ಎಣಿಸಿದ್ದೆ. ಯುಗಾದಿಗೆ ಹನ್ನೆರಡು ದಿನ ಮುಂಚೆ ಮರಿ ಬರುತ್ತವೆ, ಹನ್ನೆರಡು ದಿನದ ಮರಿ ಬಿಟ್ಟು ಯಾವ ಮಗುವೂ ಹೊರಡುವುದಿಲ್ಲ ಎಂದು ಗೊತ್ತಿತ್ತು. ನಮ್ಮ ಮನೆಯವರಿಗೂ ಗೊತ್ತಾಯಿತು. "ಏಮೇ, ಇವನ್ನ ನಾನು ತಗೊಂಡೋದ್ರೆ ಮಗು ಬತ್ತದೇನೇ?" ಎಂದು ಕೇಳಿದರು. ನಾನು, "ಅಲ್ಲಿ ಕೋಳಿ ಖಾಲಿ ಬುಟ್ಟೀಲಿ ಕೂತೈತೆ, ಬಸ್ಸು ಹೊರಡ್ತೈತೆ, ನಡೀರಿ" ಅಂದೆ. ಅವರು ನನ್ನ ಮುಖ ನೋಡಿ ಮಡಕೆ ಎತ್ತಿಕೊಂಡರು. ಕೋಣೆಯ ವಿಷಯ, ಲಂಗದ ವಿಷಯ ನಿಮ್ಮೆದುರು ಎತ್ತಬಾರದೆಂದು ಅವರಿಗೆ ಎರಡು ಸಲ ಹೇಳಿದ್ದೆ. ಅವರ ಬಾಯಲ್ಲಿ ಏನೂ ನಿಲ್ಲುವುದಿಲ್ಲ.

ನಮ್ಮ ಅಮ್ಮ ಸತ್ತಾಗ ಅಂಜಿನಿಗೆ ಐದು, ನನಗೆ ಹನ್ನೆರಡು. ಅಪ್ಪ ನಮ್ಮಿಬ್ಬರನ್ನೂ ಈ ಊರಿಗೆ ಕರೆತಂದು ಸೋದರತ್ತೆಯ ಮನೆಯಲ್ಲಿ ಬಿಟ್ಟ. ಅವನಿಗೂ ಕೈಲಾಗಲಿಲ್ಲ. ಅತ್ತೆ ಒಳ್ಳೆಯವಳು, ಯಾವುದಕ್ಕೂ ಕಡಿಮೆ ಮಾಡಲಿಲ್ಲ, ಕೊನೆಗೆ ತನ್ನ ಮಗನಿಗೇ ನನ್ನನ್ನು ತಂದುಕೊಂಡಳು. ಆದರೂ ಅಂಜಿನಿ ದಿನವೂ ಸಾಯಂಕಾಲ ಕೆರೆ ಕಟ್ಟೆಯ ಮೇಲೆ ನಿಂತು ಬಸ್ಸು ನೋಡುತ್ತಿದ್ದಳು. ಅವಳನ್ನು ಕಟ್ಟೆಯಿಂದ ಇಳಿಸಲು ಅತ್ತೆ ಕೊಟ್ಟದ್ದೇ ಆ ಹ್ಯಾಟೆ. ಹ್ಯಾಟೆ ವಾಪಸು ಬಂದ ಸಂಜೆ ಅದರ ಹಿಂದೆ ಅವಳೂ ಬಂದಳು ಎಂದು ನಿಮಗೆ ಬರೆದಿದ್ದೆ. ಬಂದು ಏನು ಕೇಳಿದಳೆಂದು ಬರೆದಿರಲಿಲ್ಲ. "ಕೋಳಿಗೆ ದಾರಿ ಗೊತ್ತಾಗ್ತೈತೆ, ಅಪ್ಪನಿಗೆ ಯಾಕ್ ಗೊತ್ತಾಗಲ್ಲ ಅಕ್ಕ?" ಎಂದು ಕೇಳಿದಳು.

ಸುಗುಣಳ ಅಪ್ಪನಿಗೆ ದಾರಿ ಗೊತ್ತಾಗಿದೆ. ಕೆಲಸ ಬಿಟ್ಟು ನೇರ ಮನೆಗೆ ಬರುತ್ತೀರಿ, ಗಂಟಿಲ್ಲದ ಮುದ್ದೆ ಮಾಡುತ್ತೀರಿ. ಅಂಥ ಅಪ್ಪನಿರುವ ಮಗುವನ್ನು ತಂದು ನಾನು ಅದೇ ಕಟ್ಟೆಯ ಮೇಲೆ ನಿಲ್ಲಿಸಲಾರೆ. ಆಸೆ ಇಲ್ಲ ಎಂದು ಸುಳ್ಳು ಹೇಳುವುದಿಲ್ಲ. ಬಹಳ ಇತ್ತು. ಈಗಲೂ ಇದೆ. ಕೋಣೆಯ ಬಾಗಿಲು ಮುಚ್ಚಿ ನಾಲ್ಕು ದಿನ ಅತ್ತರೆ ಕಡಿಮೆಯಾಗುತ್ತದೆ.

ಬಟ್ಟೆ ಗಂಟು ಬಿಚ್ಚಿ. ಜೂನ್‌ನಲ್ಲಿ ಅಲ್ಲೇ ಶಾಲೆಗೆ ಹಾಕಿ.

ಆದರೆ ಪಾಲಿನ ಮಾತು ಮರೆಯಬೇಡಿ. ಹ್ಯಾಟೆ ಸಾಕಿದವರ ಮನೆಯಲ್ಲೇ ಇರಲಿ. ಬೇಸಿಗೆ ರಜ, ದಸರಾ ರಜ ನನ್ನವು.

ಮುನಿಗಂಗಮ್ಮ


ಮಾಲೂರು
19-3-1980

ಅತ್ತಿಗೆಯವರಿಗೆ,

ನಿಮ್ಮ ಕಾಗದ ಹಬ್ಬಕ್ಕೆ ಎರಡು ದಿನ ಮುಂಚೆ ಕಾರ್ಖಾನೆಗೆ ಹೊರಡುವಾಗ ಬಂತು. ಓದಿ ಅವತ್ತು ಕೆಲಸಕ್ಕೆ ಹೋಗಲಿಲ್ಲ. ಗಂಟು ಬಿಚ್ಚಿದೆವು. ಬಿಚ್ಚುವಾಗ ಸುಗುಣ, "ಯಾಕಪ್ಪಾ ಕಟ್ಟಿದ್ದೆ?" ಎಂದು ಕೇಳಿದಳು. "ಮಡಚೋದು ಕಲೀತಿದ್ದೆ" ಅಂದೆ.

ಏಳರಲ್ಲಿ ಆರು ಮರಿ. ಐದನೇ ತಾರೀಖು ಬೆಳಿಗ್ಗೆ ಇಪ್ಪತ್ತೊಂದನೇ ಗೆರೆ ಎಳೆಯಲು ಹೋದವಳು ಇದ್ದಿಲು ಅಲ್ಲೇ ಹಾಕಿ ಓಡಿಬಂದಳು. ಮೊಟ್ಟೆ ಒಳಗಿನಿಂದ ಕುಟ್ಟುತ್ತಿತ್ತು. ಶ್ಯಾಮಲಮ್ಮನವರು ದೇವರ ಮುಂದಿನಿಂದ ಎದ್ದು ಬಂದು ಕೊಟ್ಟಿಗೆಯ ಬಾಗಿಲಲ್ಲಿ ನಿಂತವರು ಹತ್ತು ಗಂಟೆಯವರೆಗೆ ಕದಲಲಿಲ್ಲ. ಹೊರಬರಲು ಒದ್ದಾಡುತ್ತಿದ್ದ ಒಂದು ಮರಿಯನ್ನು ನೋಡಿ, "ಅಯ್ಯೋ, ಸ್ವಲ್ಪ ಕೈ ಕೊಡೋ ಚನ್ನರಾಯಪ್ಪ" ಅಂದರು. ನಾನು ಕೊಡಲಿಲ್ಲ, ಮುಟ್ಟಬಾರದೆಂದು ನನಗೆ ಯಾರೂ ಹೇಳದಿದ್ದರೂ. ಸ್ವಲ್ಪ ಹೊತ್ತಿಗೆ ತಾನೇ ಬಂತು. ಎಲ್ಲಕ್ಕಿಂತ ಗಟ್ಟಿ ಈಗ ಅದೇ. ಅಕ್ಕಿ ನುಚ್ಚನ್ನು ಅವರೇ ಜರಡಿ ಹಿಡಿದು ಕೊಡುತ್ತಾರೆ.

ಇದನ್ನೆಲ್ಲ ಅವತ್ತೇ ನಿಮಗೆ ಬರೆಯಲು ಕೂತಿದ್ದೆ. ಬರೆದರೆ ಮಗುವನ್ನು ಕಳಿಸಬೇಡಿ ಎಂದು ನಿಮ್ಮ ಬಾಯಲ್ಲೇ ಹೇಳಿಸಿದ ಹಾಗೆ ಆಗುತ್ತದೆ ಎಂದು ಬಿಟ್ಟೆ. ನೀವು ಹೇಗೂ ಓದಿಕೊಂಡಿರಿ.

ಏಪ್ರಿಲ್ ಹದಿನೈದಕ್ಕೆ ನಾನೇ ಕರೆತರುತ್ತೇನೆ. ಎರಡು ತಿಂಗಳು ನಿಮ್ಮ ಹತ್ತಿರ ಇರಲಿ. ಜೊತೆಗೆ ನಿಮ್ಮ ಪಾಲಿನ ಮೂರು ಮರಿ ತರುತ್ತೇವೆ. ಯಾವ ಮೂರು ಎಂದು ಸುಗುಣ ಇನ್ನೂ ತೀರ್ಮಾನಿಸಿಲ್ಲ. ಒಂದು ಹುಂಜವನ್ನು ಮಾತ್ರ ಇಲ್ಲೇ ಇಟ್ಟುಕೊಳ್ಳಬೇಕೆಂದು ಶ್ಯಾಮಲಮ್ಮನವರ ಹುಕುಂ. "ಸೈರನ್ ಕೇಳಿ ಕೇಳಿ ಸಾಕಾಗಿದೆ" ಅಂದರು.

ಕೆಳಗಿನದು ಅವಳದೇ ಕೈಬರಹ. ಬಾರದ ಅಕ್ಷರವನ್ನು ಶ್ಯಾಮಲಮ್ಮನವರು ಸ್ಲೇಟಿನ ಮೇಲೆ ತೋರಿಸಿದರು. ನಾನು ಕೈ ಹಿಡಿಯಲಿಲ್ಲ.

ಚನ್ನರಾಯಪ್ಪ


ದೊಡಮ್ಮ
ಆರು ಮರಿ
ಹಸಿರು ಲಂಗ ಯಾರಿಗೂ ಕೊಡಬೇಡ
ಬಸ್ಸು ಬಂದಾಗ ನೀನು ಕಟ್ಟೆ ಮೇಲೆ ನಿಂತಿರು
ಸುಗುಣ